ಭರ್ತಿಯಾದ ಸಮುದ್ರ

ನಮ್ಮ ಮನೆಯ ನಾಲ್ಕು ಮಂದಿ ಒಂದು ಕಾರಿನೊಳಗೆ ಕೂತರೆ ಏನಾದರೊಂದು ಆಗದೆ ಇರುವುದಿಲ್ಲ. ಹಾಲು ತರಲು ಚಿಕಲಠಾಣಾ ತನಕ ಹೋಗಿ ಹಾಲೊಂದನ್ನು ಬಿಟ್ಟು ಉಳಿದದ್ದೆಲ್ಲ ತಂದಿದ್ದೇವೆ. ಬೀಗರ ಮನೆಯ ಮದುವೆಗೆ ಹೊರಟು ಬೇರೆ ಯಾರದೋ ಮದುವೆಯಲ್ಲಿ ಉಂಡು, ಆಯೇರಿಯ ಉಡುಗೊರೆಯನ್ನೂ ಕೊಟ್ಟು ಬಂದಿದ್ದೇವೆ. ಹಾಗಾಗಿ ಸಮುದ್ರ ನೋಡಲು ಹೋದಾಗ ಆದದ್ದನ್ನು ಕೇಳಿ ನಮ್ಮನ್ನು ಬಲ್ಲವರು ಯಾರೂ ಅಚ್ಚರಿಪಡಲಿಲ್ಲ. ಆದರೆ ಅವತ್ತು ನಗುವ ಮನಸ್ಸು ಮಾತ್ರ ನಮ್ಮಲ್ಲಿ ದೊಡ್ಡವರು ಯಾರಿಗೂ ಇರಲಿಲ್ಲ.

ಕಾರಿನಲ್ಲಿ ಯಾರು ಯಾರಿದ್ದರು ಅಂತ ಮೊದಲೇ ಹೇಳಿಬಿಡುತ್ತೇನೆ. ಸ್ಟೇರಿಂಗ್ ಹಿಡಿದವಳು ನಾನು. ಪಕ್ಕದಲ್ಲಿ ನಮ್ಮ ಯಜಮಾನರು. ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಕೆಲಸ. ಗಾಡಿ ನಡೆಸಲು ಬಾರದು, ನಡೆಸುವವರಿಗೆ ಹೇಳಿಕೊಡಲು ಬಹಳ ಚೆನ್ನಾಗಿ ಬರುತ್ತದೆ. ಹಿಂದೆ ನಮ್ಮ ಅತ್ತೆ. ಕಲಬುರಗಿ ಕಡೆಯ ಹಳ್ಳಿ ಬಿಟ್ಟು ಛತ್ರಪತಿ ಸಂಭಾಜಿನಗರಕ್ಕೆ ಬಂದು ಎಷ್ಟೋ ವರ್ಷವಾಯಿತು, ನಾಲಿಗೆ ಮಾತ್ರ ಇನ್ನೂ ಊರಲ್ಲೇ ಇದೆ. ಅವರ ಪಕ್ಕ ನನ್ನ ಮಗಳು. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಂದ ಹೊರಗೆ ಬರುವಷ್ಟರಲ್ಲಿ ಅದು ಅರ್ಧ ಮರಾಠಿಯಾಗಿರುತ್ತದೆ.

ಷರತ್ತು

ಅತ್ತೆಗೆ ನಾಲ್ಕು ಮೆಟ್ಟಿಲು ಹತ್ತಿದರೂ ದಮ್ಮು ಬರುತ್ತಿತ್ತು. ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಲೇಬೇಕು ಅಂದರು ಡಾಕ್ಟರು. "ತಡ ಮಾಡಬೇಡಿ, ಈ ತಿಂಗಳಲ್ಲೇ ಭರ್ತಿ ಮಾಡಿ."

ಆಸ್ಪತ್ರೆಗೆ ಸೇರಿಸುವುದಕ್ಕೆ ನಮ್ಮ ಕಡೆಯೂ ಭರ್ತಿ ಅಂತಲೇ ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆ ಎದ್ದು ಚಪ್ಪಲಿ ಮೆಟ್ಟಿದರು. ನಮ್ಮ ಮಾವ ಕಟ್ಟಡದ ಮೇಸ್ತ್ರಿಯಾಗಿದ್ದರು. ಹೊಟ್ಟೆನೋವು ಅಂತ ಭರ್ತಿಯಾದವರು ಜೀವಂತ ಮನೆಗೆ ಬರಲಿಲ್ಲ. ಅವತ್ತಿನಿಂದ ಅತ್ತೆಯ ಪಾಲಿಗೆ ಭರ್ತಿ ಅಂದರೆ ಒಳಗೆ ಹೋಗುವ ಬಾಗಿಲು ಮಾತ್ರ ಇರುವ ಮನೆ.

ಮಗ ಕೈಮುಗಿದು ಕೇಳಿಕೊಂಡರು, ನಾನು ಕಣ್ಣೀರು ಹಾಕಿದೆ, ಮೊಮ್ಮಗಳು ಅನ್ನ ಬಿಟ್ಟಳು. ಕೊನೆಗೆ ಅತ್ತೆ ಒಂದು ದಾರಿ ತೆಗೆದರು.

"ನಿಮ್ಮಪ್ಪ ಮುಂಬಯಿದಾಗ ಕೆಲಸಕ್ಕಿದ್ದಾಗ ಸಮುದ್ರ ನೋಡ್ಯಾರ. ಬರೋ ವರ್ಷ ನಿನಗೂ ತೋರಸ್ತೀನಿ, ಬರೋ ವರ್ಷ ನಿನಗೂ ತೋರಸ್ತೀನಿ ಅಂತ ಹೇಳಕೋತ ಹೋಗೇ ಬಿಟ್ರು. ಅದೊಂದು ನನಗ ತೋರಸ್ರಿ. ಆಮ್ಯಾಲ ವಿಚಾರ ಮಾಡ್ತೀನಿ."

ಡಾಕ್ಟರನ್ನು ಕೇಳಿದೆವು. ಅವರನ್ನು ನಡೆಸಬೇಡಿ, ಸಾವಕಾಶ ಹೋಗಿ, ನಾಸಿಕದಲ್ಲಿ ಒಂದು ರಾತ್ರಿ ತಂಗಿ ಅಂದರು. ಹಾಗಾಗಿಯೇ ನಾವು ಕೊಂಕಣದ ಕಡಲ ದಂಡೆಗೆ ಹತ್ತಿಕೊಂಡಿರುವ ಒಂದು ರಾಷ್ಟ್ರೀಯ ಉದ್ಯಾನವನ್ನು ಹುಡುಕಿದೆವು. ಅಲ್ಲಿ ನಮ್ಮ ಕಾರಿನಲ್ಲೇ ಕೂತು ಕಾಡು ಸುತ್ತಿ ಸಮುದ್ರದ ತನಕ ಹೋಗಬಹುದಂತೆ.

ಹೊರಡುವಾಗ ಅತ್ತೆ ಡಾಕ್ಟರಿಗೆ ಹೇಳಿದರು: "ಅಲ್ಲೀತನ ನನ್ನ ಹಾಸಿಗಿ ಬ್ಯಾರೆಯವರಿಗೆ ಕೊಟ್ಟುಬಿಡ್ರಿ ಸಾಹೇಬ್ರ. ನಾ ಏನೂ ತಪ್ಪು ತಿಳಕೊಳ್ಳಂಗಿಲ್ಲ."

ಗಂಗಾಪುರ

ಊರು ಬಿಟ್ಟು ಸ್ವಲ್ಪ ಹೊತ್ತಿಗೆ ಮೊಬೈಲಿನ ದಾರಿ ಹೇಳುವ ಹೆಂಗಸು, "ಗಂಗಾಪುರದ ಕಡೆ ಮುಂದುವರಿಯಿರಿ" ಅಂದಳು. ಹಿಂದಿನ ಸೀಟಿನಿಂದ ಬಳೆಗಳ ಸದ್ದು. ಕನ್ನಡಿಯಲ್ಲಿ ನೋಡಿದರೆ ಅತ್ತೆ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದ್ದಾರೆ.

"ಗಾಣಗಾಪೂರಕ್ಕ ಹೊಂಟೇವಂತ ಮೊದಲ ಹೇಳಬಾರದೇನು? ಸಮುದ್ರ ಅಂತ ಸುಳ್ಳು ಹೇಳಿ ದೇವರ ಕಡೆ ಕರಕೊಂಡು ಹೊಂಟೀರಿ. ಡಾಕ್ಟರ್ ಅಷ್ಟು ಕೈ ಬಿಟ್ಟಾನೇನು?"

ಗಾಣಗಾಪುರ ಇರುವುದು ನಮ್ಮ ಕಲಬುರಗಿ ಜಿಲ್ಲೆಯಲ್ಲಿ. ಯಾವ ಔಷಧಿಗೂ ಬಗ್ಗದ ಕಾಯಿಲೆಯವರು ದತ್ತನ ಸನ್ನಿಧಿಗೆ ಹರಕೆ ಹೊತ್ತು ಹೋಗುವ ಜಾಗ. ಇದು ಗಂಗಾಪುರ, ಇಲ್ಲಿಯದೇ ಒಂದು ತಾಲೂಕು, ಹೊಲಗದ್ದೆಯ ಊರು ಅಂತ ಯಜಮಾನರು ತಿಳಿಸಿ ಹೇಳಿದರು. ತಾಯಿ ಮನಸ್ಸಿನಲ್ಲಿ ಏನಿಟ್ಟುಕೊಂಡು ಕೂತಿದ್ದಾರೆ ಅನ್ನುವುದು ಅವರಿಗೆ ಆಗ ತಿಳಿಯಿತು.

ಸಂಜೆ ನಾಸಿಕ ಮುಟ್ಟಿದೆವು. ನಾವು ಹಿಡಿದ ಲಾಡ್ಜಿದ್ದದ್ದು ಗಂಗಾಪುರ ರೋಡಿನಲ್ಲಿ. ಮೊಬೈಲಿನವಳು, "ಗಂಗಾಪುರ ರೋಡಿಗೆ ತಿರುಗಿ" ಅಂದಾಗ ಅತ್ತೆ ನನ್ನ ಬೆನ್ನನ್ನೇ ನೋಡಿದರು. ಬೆಳಿಗ್ಗೆ ಚಹಾ ಕೊಡುತ್ತಾ ಲಾಡ್ಜಿನವನು, ಹೊತ್ತಿದ್ದರೆ ಗಂಗಾಪುರ ಡ್ಯಾಮ್ ನೋಡಿ ಹೋಗಿ ಅಂದ.

ಅತ್ತೆ ಚಹಾದ ಬಸಿ ಕೆಳಗಿಟ್ಟು ನನ್ನನ್ನು ಕೇಳಿದರು: "ನಿನ್ನಿ ಇಡೀ ದಿನ ನಡಸೀದಿ ಯವ್ವಾ. ಇವತ್ತರ ಈ ಊರು ದಾಟ್ತೀಯೇನು?"

ನಿಮ್ಮ ಗಾಡಿ, ನೀವೇ ಗೈಡು

ಉದ್ಯಾನದ ಗೇಟಿನಲ್ಲಿ ಯಜಮಾನರು ಗೈಡ್ ಬೇಕು ಅಂದರು. ಇಲ್ಲಿ ಗೈಡು ಇಲ್ಲ, ನಿಮ್ಮ ಗಾಡಿ, ನೀವೇ ಗೈಡು ಅಂದ ಗೇಟಿನವನು. ದಾರಿಯುದ್ದಕ್ಕೂ ನಂಬರಿನ ಕಲ್ಲುಗಳಿವೆ, ಪ್ರತಿ ಕಲ್ಲಿನ ಬಳಿ ನಿಂತು ಮೊಬೈಲಿನಲ್ಲಿ ಆ ನಂಬರು ಒತ್ತಿದರೆ ಒಂದು ದನಿ ಎಲ್ಲ ಹೇಳುತ್ತದೆ. ಮಗಳು ಮರಾಠಿಯ ದನಿ ಹಾಕಿದಳು.

ದನಿ ಬಹಳ ಮರ್ಯಾದಸ್ಥ ಹೆಂಗಸಿನದು. "ಮಗ ಪುಢೇ ಜಾ" ಅನ್ನುತ್ತಿತ್ತು. ಮರಾಠಿಯಲ್ಲಿ ಮಗ ಅಂದರೆ ಆಮೇಲೆ. ಆಮೇಲೆ ಮುಂದೆ ಹೋಗಿ. ಮಗ ಬಲಕ್ಕೆ ತಿರುಗಿ, ಮಗ ನಿಲ್ಲಿ. ಇಷ್ಟು ವರ್ಷ ಇಲ್ಲಿ ತರಕಾರಿ ಕೊಂಡ ಅತ್ತೆಗೆ ಅದು ತಿಳಿಯದ್ದೇನಲ್ಲ. ಆದರೆ ತಿಳಿದೂ ತಿಳಿಯದವರಂತೆ ಕೂರುವುದು ಅವರು ಕಲಿತ ವಿದ್ಯೆ.

"ಚಲೋ ಹೆಣ್ಮಗಳು" ಅಂದರು. "ಪರಿಚಯ ಇಲ್ಲ, ಗುರುತಿಲ್ಲ, ನನ್ನ ಮಗನ್ನ ಮಗಾ ಮಗಾ ಅಂತ ಕರೀಲತಾಳ."

ಎರಡು ಕಲ್ಲು ದಾಟಿದೆವು. ದನಿ ಮತ್ತೆ ಮಗ ಅಂದಿತು. ಯಜಮಾನರು ಕೈಯಲ್ಲಿದ್ದ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಾ, "ಎಡಕ್ಕ ತಗೋ, ಅಲ್ಲ ಬಲಕ್ಕ, ಬ್ರೇಕ್, ಬ್ರೇಕ್" ಅನ್ನುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ನಡೆಸುತ್ತಿದ್ದೆ.

ಅತ್ತೆ ಮುಂದಕ್ಕೆ ಬಾಗಿ ಮೊಬೈಲಿಗೆ ಹೇಳಿದರು: "ತಾಯಿ, ಮಗ ಸುಮ್ಮ ಕುಂತಾನ. ಗಾಡಿ ನಡಸೋಕಿ ಸೊಸಿ. ಆಕಿಗೂ ಒಂದು ಮಾತು ಹೇಳು."

ಆಕಾಶ

ಸಮುದ್ರ ಕಾಣುವ ಗುಡ್ಡದ ಕಲ್ಲು ಬಂತು. ಕಾರು ನಿಲ್ಲಿಸುವ ಜಾಗದಿಂದ ಕಟ್ಟೆಯ ತನಕ ಸ್ವಲ್ಪವೇ ಏರು. ಅಷ್ಟಕ್ಕೇ ಅತ್ತೆಯ ತುಟಿ ನೀಲಿಯಾಯಿತು. ನಾನೂ ಯಜಮಾನರೂ ಎರಡೂ ಕಡೆ ತೋಳು ಹಿಡಿದಿದ್ದೆವು, ನನ್ನ ಕೈಯೊಳಗೆ ಅವರ ನಾಡಿ ಅಡ್ಡಾದಿಡ್ಡಿ ಓಡುತ್ತಿತ್ತು. ನನಗೆ ಹೆದರಿಕೆಯಾಯಿತು. ಇವರನ್ನು ಇಲ್ಲಿಗೆ ತಂದು ತಪ್ಪು ಮಾಡಿದೆವು ಅನ್ನಿಸಿತು.

ಕಟ್ಟೆ ಮುಟ್ಟಿದರೆ ಎದುರಿಗೆ ಮಂಜು. ಬೆಳ್ಳಗೆ, ಮೇಲೂ ಕೆಳಗೂ ಒಂದೇ. ಅಷ್ಟರಲ್ಲಿ ಮೊಬೈಲಿನ ದನಿ, ನಿಮ್ಮ ಕಣ್ಣ ಮುಂದೆ ಈಗ ಹಬ್ಬಿರುವುದು ಅಪಾರ ಸಾಗರ ಅಂದಿತು.

ಯಜಮಾನರಿಗೆ ತಾಯಿಯನ್ನು ನಿರಾಶೆ ಮಾಡುವ ಧೈರ್ಯವಿರಲಿಲ್ಲ. ಮಂಜಿಗೆ ಬೆರಳು ತೋರಿಸಿ, "ನೋಡವ್ವಾ, ಇದೇ ಸಮುದ್ರ" ಅಂದರು.

ಅತ್ತೆ ಬಹಳ ಹೊತ್ತು ನೋಡಿದರು. ಉಸಿರು ತಿರುಗಿದ ಮೇಲೆ ಅಂದರು: "ಇದು ಆಕಾಶ ಅದ. ಮನ್ಯಾಗೂ ಅದ. ನಿಮ್ಮಪ್ಪನೂ ಹಿಂಗೇ ಸುಳ್ಳು ಹೇಳ್ತಿದ್ರು."

ಭರತಿ

ಕೊನೆಯ ಕಲ್ಲು ಕೆಳಗೆ ದಂಡೆಯ ಬಳಿ. ಮಂಜು ಆಗಲೇ ಕರಗಿತ್ತು. ಆದರೆ ದಾರಿಗೆ ಅಡ್ಡವಾಗಿ ಬಿದಿರಿನ ಗೇಟು, ಅದರ ಮೇಲೆ ಮರಾಠಿ ಬೋರ್ಡು: ಭರತಿಯ ವೇಳೆ ಪ್ರವೇಶ ಬಂದ್.

ಕಾರವಾರದ ಕಡೆಯವರಾಗಿದ್ದರೆ ಭರತ ಅಂದೊಡನೆ ಕಡಲು ಉಕ್ಕಿದೆ ಅಂತ ತಿಳಿದುಕೊಳ್ಳುತ್ತಿದ್ದರು. ನಾವು ಸಮುದ್ರವಿಲ್ಲದ ನಾಡಿನವರು. ನಮ್ಮ ಯಜಮಾನರಿಗೆ ಗೊತ್ತಿದ್ದದ್ದು ಕಾರ್ಖಾನೆಯ ಗೇಟಿಗೆ ಹಚ್ಚುವ ನೌಕರಿ ಭರತಿ. ಗಾಜು ಇಳಿಸಿ ಕಾವಲುಗಾರನನ್ನು ಕೇಳಿಯೇ ಬಿಟ್ಟರು: "ಯಾವ ಪೋಸ್ಟಿಗೆ ಭರತಿ? ನಮ್ಮ ಅಕ್ಕನ ಮಗ ಒಬ್ಬ ಖಾಲಿ ಇದ್ದಾನೆ."

ಕಾವಲುಗಾರ ವಯಸ್ಸಾದವನು, ಸಮಾಧಾನಿ. "ಭರತಿ ಸಮುದ್ರದ್ದು, ಸಾಹೇಬ್" ಅಂದ.

ಹಿಂದೆ ಅತ್ತೆ ಎದೆ ಹಿಡಿದುಕೊಂಡರು. "ಅಯ್ಯ ಶಿವನೇ! ಸಮುದ್ರ ಭರ್ತಿ ಆಗೇದ? ಏನಾಗೇದ ಅದಕ್ಕ?"

ಮಗಳು ಬಿದ್ದು ಬಿದ್ದು ನಕ್ಕಳು. ಅತ್ತೆ ನಗಲಿಲ್ಲ. ಮುಖ ಬಿಳುಚಿಕೊಂಡಿತ್ತು. ನಾನು ತಿರುಗಿ ನೋಡಿ, ಇವರು ಕೇಳುತ್ತಿರುವುದು ಸಮುದ್ರದ ಸುದ್ದಿಯಲ್ಲ ಅಂತ ತಿಳಿದು ಇಂಜಿನ್ ಆಫ್ ಮಾಡಿದೆ.

ಕಾವಲುಗಾರ ಕಿಟಕಿಯ ಬಳಿ ಬಂದು ಬಾಗಿದ. ಹೆದರಬೇಡಿ ಆಜಿ, ಈಗ ನೀರು ಏರಿದೆ, ಸ್ವಲ್ಪ ಹೊತ್ತಿಗೆ ಓಹೋಟಿ ಆಗುತ್ತದೆ, ಆಗ ಬಿಡುತ್ತೇನೆ ಅಂದ. ಓಹೋಟಿ ಅಂದರೆ ಇಳಿತ. ಅತ್ತೆ ಕನ್ನಡದಲ್ಲಿ ಕೇಳಿದರು, ಮಗಳು ಮರಾಠಿಯಲ್ಲಿ ಮುಟ್ಟಿಸಿದಳು.

"ಭರ್ತಿ ಆದದ್ದು ಹೊರಗ ಬರತದ?"

"ಬರುತ್ತದೆ."

"ಖರೇ?"

"ದಿನಾ ಬರುತ್ತದೆ ಆಜಿ. ಒಂದು ದಿನವೂ ತಪ್ಪಿದ್ದು ನಾನು ನೋಡಿಲ್ಲ."

ಮಗಳು ಅದನ್ನು ತನ್ನ ಕನ್ನಡದಲ್ಲಿ ಹೇಳಿದಳು: "ಆಜಿ, ಅದು ರೋಜ್ ಭರ್ತಿ ಆಗತದ, ರೋಜ್ ಡಿಸ್ಚಾರ್ಜ್ ಆಗತದ."

ಕಾದೆವು. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿಂದೆವು, ಕಾವಲುಗಾರನಿಗೂ ಕೊಟ್ಟೆವು. ನಮ್ಮ ಕಣ್ಣೆದುರಿಗೇ ನೀರು ಸ್ವಲ್ಪ ಸ್ವಲ್ಪ ಹಿಂದೆ ಸರಿಯಿತು. ಕಪ್ಪು ಬಂಡೆಗಳು ಒಂದೊಂದಾಗಿ ತಲೆ ಎತ್ತಿದವು. ಗೇಟು ತೆರೆದ ಮೇಲೆ ಅತ್ತೆಯನ್ನು ಒದ್ದೆ ಮರಳಿನ ಮೇಲೆ ನಿಲ್ಲಿಸಿದೆವು. ಅವರು ಸೀರೆ ಎತ್ತಿ ಹಿಡಿದು, ದೂರದ ನೀರನ್ನು ನೋಡುತ್ತಾ ನಿಂತರು. ಕಣ್ಣಲ್ಲಿ ನೀರಿತ್ತು. ಮಾವನ ನೆನಪು ಅಂದುಕೊಂಡೆ. ಯಜಮಾನರು ಆ ಕಡೆ ಮುಖ ಮಾಡಿ ಕನ್ನಡಕ ಒರೆಸಿಕೊಂಡರು.

ಕಾರು ಹತ್ತುವಾಗ ಅತ್ತೆ ಮಗನಿಗೆ ಹೇಳಿದರು: "ಡಾಕ್ಟರಿಗೆ ಫೋನ್ ಹಚ್ಚು. ಆ ಹಾಸಿಗಿ ಯಾರಿಗರ ಕೊಟ್ಟಾನೇನು ಕೇಳು. ಕೊಟ್ಟಿದ್ರ ವಾಪಸ್ ಇಸಕೊ."

ಹೋಟಿ ಡಾಕ್ಟರು

ಭರ್ತಿಯ ದಿನ ಆಸ್ಪತ್ರೆಯ ನೋಂದಣಿ ಕಿಟಕಿಯ ಮುಂದೆ ನಾವೆಲ್ಲ ನಿಂತಿದ್ದೆವು. ಒಳಗಿದ್ದ ಗುಮಾಸ್ತ ತಲೆ ಎತ್ತದೆ ಕೇಳಿದ: "ಭರತಿ ಕೋಣಾಚಿ?" ಯಾರದು ಭರತಿ?

ಅತ್ತೆ ನಮ್ಮನ್ನೆಲ್ಲ ಸರಿಸಿ ಮುಂದೆ ಬಂದರು. "ನಂದು. ಹೋಟಿ ಯಾವಾಗ ಅದ, ಅದನ್ನ ಮೊದಲ ಹೇಳು." ಓಹೋಟಿ ಅವರ ಬಾಯಲ್ಲಿ ಹೋಟಿ ಆಗಿತ್ತು.

ಅರ್ಧ ಕನ್ನಡ, ಅರ್ಧ ಮರಾಠಿ. ಗುಮಾಸ್ತ ಹಿಂದಿನ ಗೋಡೆಗೆ ತೂಗುಹಾಕಿದ್ದ ಡಾಕ್ಟರುಗಳ ಹೆಸರಿನ ಬೋರ್ಡನ್ನು ಮೇಲಿಂದ ಕೆಳಗೆ ನೋಡಿದ. ಹೋಟಿ ಅನ್ನುವ ಹೆಸರು ಸಿಗಲಿಲ್ಲ. ಸಿಗಲಿಲ್ಲ ಅಂತ ಒಪ್ಪಿಕೊಳ್ಳುವ ಜಾತಿಯವನಲ್ಲ.

"ಹೋಟಿ ಡಾಕ್ಟರ್ ರಜೆಯ ಮೇಲಿದ್ದಾರೆ" ಅಂದ.

ಅತ್ತೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಭಯ, ಭಯದ ಕೆಳಗೆ ನಗು. ನನ್ನ ಕೈ ಹಿಡಿದರು. "ನೋಡು ಯವ್ವಾ, ನನ್ನ ನಸೀಬ. ನಾ ಬಂದಾಗೇ ಅದಕ್ಕ ರಜಾ."

ಸ್ಟ್ರೆಚರು ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಆಮೇಲಿನ ಗಂಟೆಗಳನ್ನು ನಾನು ಹೇಳಲಾರೆ. ಯಜಮಾನರು ಅವತ್ತು ಯಾರಿಗೂ ಎಡಕ್ಕೆ ಬಲಕ್ಕೆ ಅಂತ ಹೇಳಲಿಲ್ಲ, ಸುಮ್ಮನೆ ನನ್ನ ಭುಜಕ್ಕೆ ಒರಗಿ ಕೂತಿದ್ದರು. ಮಗಳು ಅಂಗೈಯಲ್ಲಿ ಕಡಲ ದಂಡೆಯ ಒಂದು ಚಿಪ್ಪು ಹಿಡಿದುಕೊಂಡೇ ಇದ್ದಳು.

ಕೆಲವು ದಿನಗಳ ಮೇಲೆ, ಒಂದು ಮುಂಜಾನೆ, ಗಾಲಿಕುರ್ಚಿ ಬೇಡ ಅಂತ ಹಟ ಹಿಡಿದು, ನನ್ನ ತೋಳು ಹಿಡಿದು ಅತ್ತೆ ತಮ್ಮ ಕಾಲ ಮೇಲೆ ಹೊರಗೆ ನಡೆದು ಬಂದರು. ಕಾರಿನ ಕಡೆ ಹೋಗಲಿಲ್ಲ. ನೇರ ಆ ಕಿಟಕಿಗೆ ಹೋಗಿ ಗಾಜು ಬಡಿದರು.

"ಭಾವು, ಹೋಟಿ ಆತು."

ಗುಮಾಸ್ತ ಅವರನ್ನು ನೋಡಿದ, ಗೋಡೆಯ ಬೋರ್ಡನ್ನು ನೋಡಿದ, ಗಡಬಡಿಸಿ ಕುರ್ಚಿಯಿಂದ ಎದ್ದ.

"ಡಾಕ್ಟರು ಬಂದರಾ? ಯಾವಾಗ? ನನಗೆ ಯಾರೂ ಹೇಳಲೇ ಇಲ್ಲವಲ್ಲ!"