ಹಿತ್ತಿಲಿನಿಂದ ಬಂದ ಪಾಯಸದ ವಾಸನೆ

ರಾಜಲಕ್ಷ್ಮಿ: ಬಾಯಿ ತಗೀರಿ.

ಪ್ರಾಣೇಶ: ಯಾಕ?

ರಾಜಲಕ್ಷ್ಮಿ: ತಗೀರಿ ಅಂದ್ರ ತಗೀರಿ. ನಾ ವಾಸನಿ ನೋಡಬೇಕು.

ಪ್ರಾಣೇಶ: ನನ್ನ ಬಾಯಿ ಏನು ಕೊಬ್ರಿ ಎಣ್ಣಿ ಬಾಟ್ಲಿ ಏನು, ಮುಚ್ಚಳ ತಗದು ಮೂಸಿ ನೋಡ್ಲಿಕ್ಕೆ? ನಾ ಏನೂ ತಿಂದಿಲ್ಲ.

ರಾಜಲಕ್ಷ್ಮಿ: ನಾ ಇನ್ನೂ ಏನೂ ಕೇಳೇ ಇಲ್ಲ. ತಿಂದಿಲ್ಲ ಅಂತ ನೀವೇ ಶುರು ಮಾಡಿದ್ರಿ.

ಪ್ರಾಣೇಶ: ನಾಕು ದಿವಸದಿಂದ ಅದನ್ನ ಕೇಳ್ಲಿಕ್ಕತ್ತೀ. ಐದನೇ ದಿವಸ ಹೊಸಾದು ಏನರ ಕೇಳ್ತೀ ಅಂತ ನನಗ ಹೆಂಗ ತಿಳೀಬೇಕು?

ಬಂಗಾಳದ ದಕ್ಷಿಣೇಶ್ವರದ ಒಂದು ಓಣಿಯಲ್ಲಿ, ಹಿಂದೆ ಪುಟ್ಟ ಹಿತ್ತಿಲಿರುವ ಮನೆ. ರೈಲ್ವೆ ನೌಕರಿಯ ಬೆನ್ನು ಹತ್ತಿ ಧಾರವಾಡದ ಕಡೆಯಿಂದ ಬಂದ ಪ್ರಾಣೇಶರು ನಿವೃತ್ತರಾದ ಮೇಲೂ ಇಲ್ಲೇ ಉಳಿದಿದ್ದರು. ಅವರಿಗೆ ಎಪ್ಪತ್ತಾರು ವರ್ಷ, ಅವರ ಸಕ್ಕರೆ ಕಾಯಿಲೆಗೆ ಆರು. ಆ ಆರು ವರ್ಷವೂ ಕಾಯಿಲೆಯನ್ನು ಅವರು ಅನುಭವಿಸಿದ್ದರು. ಅದರ ಆಡಳಿತವನ್ನು ಹೆಂಡತಿ ರಾಜಲಕ್ಷ್ಮಿ ನಡೆಸಿದ್ದರು. ಮಗ, ಸೊಸೆ ಇಬ್ಬರೂ ಸೆಕ್ಟರ್ ಫೈವ್‌ನ ಆಫೀಸುಗಳಿಗೆ ಬೆಳಿಗ್ಗೆ ಹೋದರೆ ರಾತ್ರಿ ಬರುವವರು. ಹಾಗಾಗಿ ಹಗಲಿನ ಸರ್ಕಾರಕ್ಕೆ ವಿರೋಧ ಪಕ್ಷವೇ ಇರಲಿಲ್ಲ.

ಜನವರಿಯ ಆ ವಾರ, ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಹಿತ್ತಿಲ ಕಡೆಯಿಂದ ಗೋವಿಂದಭೋಗ ಅಕ್ಕಿಯ ಪಾಯಸದ ವಾಸನೆ ಬರತೊಡಗಿತ್ತು. ಮನೆಯಲ್ಲಿ ಯಾರೂ ಪಾಯಸ ಮಾಡಿರಲಿಲ್ಲ. ಆದರೆ ದಿನವೂ ಆ ಹೊತ್ತಿಗೆ ಹಿತ್ತಿಲಿನಲ್ಲಿ ಅಡ್ಡಾಡುತ್ತಿದ್ದವರು ಪ್ರಾಣೇಶರು.

ರಾಜಲಕ್ಷ್ಮಿ: ಗೋವಿಂದಭೋಗ ಅಕ್ಕಿ. ಹಾಲು ಕಾಸಿ ಅರ್ಧಕ್ಕ ಇಳಿಸ್ಯಾರ. ಏಲಕ್ಕಿ ಹಾಕಿಲ್ಲ, ಅಂದ್ರ ನಮ್ಮ ಮಂದಿ ಮಾಡಿದ್ದಲ್ಲ.

ಪ್ರಾಣೇಶ: ಇಷ್ಟೆಲ್ಲಾ ಮೂಗಿಗೇ ತಿಳೀತು. ಯಾರು ಮಾಡ್ಯಾರ ಅನ್ನೋದು ಮಾತ್ರ ತಿಳೀಲಿಲ್ಲ?

ರಾಜಲಕ್ಷ್ಮಿ: ಅದೂ ತಿಳದದ. ಗೋಕುಲ.

ಪ್ರಾಣೇಶ: ಯಾವ ಗೋಕುಲ?

ರಾಜಲಕ್ಷ್ಮಿ: ನನ್ನ ಕೇಳ್ತೀರಿ? ಮುಂಜಾನೆ ಹೂವು ಹರೀಲಿಕ್ಕೆ ಹೋದಾಗ ಬಾಜೂ ಮನಿ ಅರವಿಂದ ಬಾಬು ಗೋಡಿ ಆಚೆಯಿಂದ ಕರದು ಹೇಳಿದ್ರು. ‘ಬೌದಿ, ನಿಮ್ಮ ಹಿತ್ತಲಕ್ಕ ದಿನಾ ಸಂಜಿಮುಂದ ಗೋಕುಲ ಬರ್ಲಿಕ್ಕತ್ತಾನ’ ಅಂತ. ಹೆಸರಿನ ಮುಂದ ಗಂಧಾನೋ ಏನೋ ಒಂದು ಅಡ್ಡಹೆಸರೂ ಹೇಳಿದ್ರು.

ಇಷ್ಟು ವರ್ಷಗಳಲ್ಲಿ ರಾಜಲಕ್ಷ್ಮಿ ಕಲಿತ ಬಂಗಾಳಿ ಕಾಯಿಪಲ್ಲೆ ಚೌಕಾಸಿಗೆ ಸಾಲುವಷ್ಟಿತ್ತು. ಉಳಿದದ್ದನ್ನು ಅವರು ಊಹೆಯಿಂದ ತುಂಬಿಕೊಳ್ಳುತ್ತಿದ್ದರು.

ಪ್ರಾಣೇಶ: ನಮ್ಮ ಆಫೀಸಿನ್ಯಾಗ ಒಬ್ಬ ಗೋಕುಲ ಇದ್ದ. ಪಾಪ, ತೀರಿಕೊಂಡು ಎರಡು ವರ್ಷ ಆತು.

ರಾಜಲಕ್ಷ್ಮಿ: ಅವ ಅಲ್ಲ. ಇವ ಗಟ್ಟಿಮುಟ್ಟ ಇದ್ದಾನ. ಗೋಡಿ ಹಾರಿ ಬರ್ತಾನಂತ. ಈ ವಾರ ಸಣ್ಣ ಸಣ್ಣ ಮಕ್ಕಳನ್ನೂ ಕರಕೊಂಡು ಬರ್ಲಿಕ್ಕತ್ತಾನಂತ.

ಪ್ರಾಣೇಶ: ಹೆಂಡಿರು ಮಕ್ಕಳು ಇದ್ದಾಂವ, ಮಕ್ಕಳನ್ನ ಬಗಲಾಗ ಇಟ್ಕೊಂಡು ಗೋಡಿ ಹಾರಿ ಬಂದು, ನನಗ ಪಾಯಸ ಕುಡಿಸಿ ಹೋಗ್ತಾನ?

ರಾಜಲಕ್ಷ್ಮಿ: ಪುಕ್ಕಟೆ ಯಾಕ ಕುಡಸ್ತಾನ? ಗಿಡದಾಗ ಪ್ಯಾರಲಹಣ್ಣು ಕಡಿಮಿ ಆಗ್ಯಾವ. ಮೊನ್ನೆ ಎಣಿಸಿದಾಗ ಹದಿನಾಕು ಇದ್ದವು, ಇವತ್ತ ಒಂಬತ್ತು. ಹಣ್ಣಿಗೆ ಪಾಯಸ, ಹಂಗಂತ ಇಬ್ಬರಿಗೂ ಮಾತಾಗಿರಬೇಕು.

ಪ್ರಾಣೇಶರಿಗೆ ಸಿಟ್ಟು ಬಂತು. ರೈಲ್ವೆಯಲ್ಲಿ ಮೂವತ್ತೆಂಟು ವರ್ಷ ಒಂದೂ ಮೆಮೊ ಪಡೆಯದ ಮನುಷ್ಯ, ಪೇರಲಹಣ್ಣಿನ ಕಳ್ಳಸಾಗಣೆಯ ಆರೋಪ ಹೊರಬೇಕಾಗಿ ಬಂದಿತ್ತು.

ಪ್ರಾಣೇಶ: ಈಗ ನಾ ಒಂದು ಮಾತು ಕೇಳ್ತೀನಿ. ಆ ವಾಸನಿ ನನಗೂ ಬಂದದ. ನಾಕು ದಿವಸದಿಂದ ಹೊಟ್ಟಿ ಉರಕೊಂಡು ಅಡ್ಡಾಡೀನಿ. ನೀನ ಪಾಯಸ ಮಾಡಿ, ನನಗ ತೋರಸದೆ ಮಗಗೂ ಮೊಮ್ಮಗಳಿಗೂ ಕೊಡ್ತೀ ಅಂತ ಅನಕೊಂಡಿದ್ದೆ.

ರಾಜಲಕ್ಷ್ಮಿ: ನಾನಾ?

ಪ್ರಾಣೇಶ: ನಿನ್ನೆ ನೀ ಗುಡಿಗೆ ಹೋದಾಗ ಅಡಗಿಮನಿಯಾಗ ಒಂದೊಂದು ಪಾತ್ರಿ ಮುಚ್ಚಳ ತಗದು ನೋಡೀನಿ.

ರಾಜಲಕ್ಷ್ಮಿ: ಅದಕ್ಕ! ಹಿಂಗಿನ ಡಬ್ಬಿ ಮುಚ್ಚಳ ಸಾಸಿವಿ ಡಬ್ಬಿ ಮ್ಯಾಲೆ ಕೂತಿತ್ತು. ಸೊಸಿನ್ನ ಬೈದೆನಲ್ರಿ ನಾ!

ಅಷ್ಟರಲ್ಲಿ ಮೊಮ್ಮಗಳು ಇಂಚರಾ ಟ್ಯೂಷನ್ ಮುಗಿಸಿ ಬಂದಳು. ಒಂಬತ್ತನೆಯ ಕ್ಲಾಸು. ಕನ್ನಡ ಎಲ್ಲಾ ತಿಳಿಯುತ್ತದೆ. ಮಾತಾಡುವಾಗ ಮಾತ್ರ ಅಜ್ಜ, ಅಜ್ಜಿ, ಫ್ರಿಜ್ ಎಲ್ಲರಿಗೂ ಒಂದೇ ಲಿಂಗ.

ಇಂಚರಾ: ಅಜ್ಜ ಯಾಕೆ ಇಷ್ಟು ರೆಡ್ ಆಗಿದೆ?

ರಾಜಲಕ್ಷ್ಮಿ: ಸಿಕ್ಕಿಬಿದ್ದದ, ಅದಕ್ಕ.

ಪ್ರಾಣೇಶ: ಇಂಚರಾ, ನೀನ ಹೇಳು. ನಿಮ್ಮಜ್ಜಿ ಅಂತಾಳ, ಯಾರೋ ಗೋಕುಲ ನನಗ ದಿನಾ ಪಾಯಸ ತಂದು ಕೊಡ್ತಾನಂತ.

ಇಂಚರಾ: ಹೂ ಈಸ್ ಗೋಕುಲ್?

ರಾಜಲಕ್ಷ್ಮಿ: ನಾ ಅದನ್ನ ಕೇಳ್ಲಿಕ್ಕತ್ತೀನಿ.

ಇಂಚರಾ: ಜಗಳ ಯಾಕೆ ಮಾಡೋದು? ಸ್ಮೆಲ್ ದಿನಾ ಇದೇ ಟೈಮಿಗೆ ಬರತ್ತೆ ನಾ? ಮೂರೂ ಜನ ಹಿತ್ತಿಲಲ್ಲಿ ಹೋಗಿ ವೆಯ್ಟ್ ಮಾಡೋಣ. ಗೋಕುಲ್ ಬಂದರೆ ಅಜ್ಜ ಗಿಲ್ಟಿ. ಬರದೇ ಇದ್ದರೆ ಅಜ್ಜಿ ಸಾರಿ ಹೇಳಬೇಕು.

ಸಾರಿ ಎಂಬ ಮಾತು ಕೇಳಿ ರಾಜಲಕ್ಷ್ಮಿ ಒಂದು ಕ್ಷಣ ಅನುಮಾನಿಸಿದರು. ಐವತ್ತೊಂದು ವರ್ಷದ ಸಂಸಾರದಲ್ಲಿ ಆ ಪದ ಅವರಿಗೆ ಬೇಕಾಗಿ ಬಂದಿರಲಿಲ್ಲ. ಆದರೂ ಲಟ್ಟಣಿಗೆ ಹಿಡಿದು ಹೊರಟರು.

ಹಿತ್ತಿಲಿನಲ್ಲಿ ಒಂದು ಪೇರಲ ಗಿಡ, ಒಂದು ನುಗ್ಗೆ ಮರ, ತುಳಸಿ ಕಟ್ಟೆ, ಗೋಡೆಗೆ ಹತ್ತಿಕೊಂಡು ಹಳೇ ಟ್ರಂಕುಗಳನ್ನಿಟ್ಟ ತಗಡಿನ ಮಾಡು. ಮೂವರೂ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತರು. ಪ್ರಾಣೇಶರು ಎರಡೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ಮೊಣಕಾಲ ಮೇಲಿಟ್ಟುಕೊಂಡರು. ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ.

ರಾಜಲಕ್ಷ್ಮಿ: ಈ ನುಗ್ಗಿಗಿಡ ಹಚ್ಚಿದಾಗ ನಿಮ್ಮಪ್ಪ ನಿನ್ನಷ್ಟ ಇದ್ದ, ಇಂಚರಾ. ಗಿಡ ನನ್ನ ಮಾತು ಕೇಳಿ ನೆಟ್ಟಗ ಬೆಳೀತು.

ಪ್ರಾಣೇಶ: ಅದಕ್ಕ ಬಾಯಿ ತಗೀ ಅಂತ ಯಾರೂ ಅನ್ನಲಿಲ್ಲ.

ರಾಜಲಕ್ಷ್ಮಿ: ಶ್! ಬಂತು. ವಾಸನಿ ಬಂತು.

ಬಂದದ್ದು ನಿಜ. ಬಿಸಿ ಬಿಸಿ ಪಾಯಸವನ್ನು ಯಾರೋ ಗೋಡೆಯ ಮೇಲೆಯೇ ಇಳಿಸಿಟ್ಟ ಹಾಗೆ. ರಾಜಲಕ್ಷ್ಮಿ ಗಂಡನ ಕೈ ನೋಡಿದರು. ಖಾಲಿ. ಬಾಯಿ ನೋಡಿದರು. ಮುಚ್ಚಿತ್ತು. ಆಗ ನುಗ್ಗೆ ಮರದಿಂದ ಕಪ್ಪಗೆ ಉದ್ದವಾದದ್ದೊಂದು ಸರಸರನೆ ಇಳಿದು ಗೋಡೆಗೆ ಬಂತು. ಮೈಯಷ್ಟೇ ಉದ್ದದ ಬಾಲ, ಚೂಪು ಮೂತಿ. ಬಾಯಲ್ಲಿ ಒಂದು ಪುಟ್ಟ ಮರಿ.

ಇಂಚರಾ: ಓ ಮಾ! ಅಜ್ಜಿ, ಇದು ಭಾಮ್ ಕ್ಯಾಟ್! ಸ್ಕೂಲ್ ಬುಕ್ಕಲ್ಲಿ ಇದರ ಇನ್ನೊಂದು ಬಂಗಾಳಿ ಹೆಸರು ಇದೆ. ಗಂಧಗೋಕುಲ!

ರಾಜಲಕ್ಷ್ಮಿ: ಏನಂದಿ?

ಇಂಚರಾ: ಗಂಧಗೋಕುಲ. ಅದರ ಬಾಡಿಯಿಂದಾನೇ ಪಾಯಸದ ಸ್ಮೆಲ್ ಬರತ್ತೆ. ಪೇರಲಹಣ್ಣೂ ಅದೇ ತಿನ್ನತ್ತೆ.

ಪ್ರಾಣೇಶ: ಪುನುಗಿನ ಬೆಕ್ಕು! ಇಷ್ಟು ದಿವಸ ನನಗ ಪಾಯಸ ತಂದು ಕೊಟ್ಟಾಂವ ಇವನ ನೋಡು, ರಾಜಲಕ್ಷ್ಮೀ. ಕೇಳು ಇವನ್ನ, ನಮಗ ಏನು ಮಾತಾಗ್ಯದ ಅಂತ.

ರಾಜಲಕ್ಷ್ಮಿ: ಇವ ಅಲ್ಲ, ಇಕಿ. ಮರಿ ಹಿಡಕೊಂಡಾಳ, ಕಾಣಸ್ಲಿಲ್ಲೇನು?

ಪ್ರಾಣೇಶ: ಇಕಿನೋ ಅದೋ, ನಾಳೆ ಅರಣ್ಯ ಇಲಾಖೆಗೆ ಫೋನ್ ಹಚ್ಚತೀನಿ. ಹಿಡಕೊಂಡು ಹೋಗ್ಲಿ. ನನ್ನ ಮರ್ಯಾದಿ ಕಳದದ ಅದು.

ಬೆಕ್ಕು ಅವರಿಬ್ಬರ ಕಡೆ ಒಮ್ಮೆ ತಿರುಗಿ ನೋಡಿ, ತಗಡಿನ ಮಾಡಿನೊಳಗೆ ನುಸುಳಿತು. ಸ್ವಲ್ಪ ಹೊತ್ತಿಗೆ ಬರಿಬಾಯಲ್ಲಿ ಹೊರಬಂದು ಮತ್ತೆ ಗೋಡೆ ಹತ್ತಿತು. ಮರಳಿ ಬಂದಾಗ ಬಾಯಲ್ಲಿ ಇನ್ನೊಂದು ಮರಿ. ರಾಜಲಕ್ಷ್ಮಿ ಯಾವಾಗ ಲಟ್ಟಣಿಗೆ ಕೆಳಗಿಟ್ಟರೋ ಯಾರೂ ಗಮನಿಸಲಿಲ್ಲ.

ರಾಜಲಕ್ಷ್ಮಿ: ಯಾರಿಗೂ ಫೋನ್ ಹಚ್ಚಬ್ಯಾಡ್ರಿ. ತಿರುಪತಿ ತಿಮ್ಮಪ್ಪಗ ಹಚ್ಚೋ ಪುನುಗು ಕೊಡೋ ಜೀವ ಅದು. ಮ್ಯಾಲೆ ಬಾಣಂತಿ.

ಪ್ರಾಣೇಶ: ಐದು ನಿಮಿಷದ ಹಿಂದ ಅದಕ್ಕ ಹೊಡೀಲಿಕ್ಕೆ ಲಟ್ಟಣಿಗಿ ಹಿಡಕೊಂಡು ಕೂತಿದ್ದಿ.

ರಾಜಲಕ್ಷ್ಮಿ: ಅದಕ್ಕಲ್ಲ, ನಿಮಗ. ನೋಡ್ರಿ ಹೆಂಗ ಒಂದೊಂದ ಮರಿ ಸಾಗಸ್ತಾಳ. ಖರಗಪುರದಿಂದ ಆಸನ್‌ಸೋಲಿಗೆ, ಆಸನ್‌ಸೋಲಿನಿಂದ ಇಲ್ಲಿಗೆ, ನಾನೂ ಹಿಂಗ ಬಗಲಾಗ ಕೂಸು, ತಲಿ ಮ್ಯಾಲೆ ಟ್ರಂಕು ಹೊತಗೊಂಡು ತಿರಗೀನಿ. ಪಾಪ, ಇಕಿ ಗಂಡಗೂ ರೈಲ್ವೆ ನೌಕರಿನ ಇರಬೇಕು.

ಆ ಎರಡೂ ವರ್ಗಾವಣೆಗಳಲ್ಲಿ ಪ್ರಾಣೇಶರು ಮೊದಲೇ ಹೋಗಿ ಡ್ಯೂಟಿಗೆ ಸೇರಿಕೊಂಡಿದ್ದರು. ಆದರೆ ಗೆದ್ದ ಮನುಷ್ಯ ಸುಮ್ಮನಿರುವುದು ಕಷ್ಟ.

ಪ್ರಾಣೇಶ: ಬಾಣಂತಿದು ಆತು. ನನ್ನ ಸಾರಿ?

ರಾಜಲಕ್ಷ್ಮಿ: ಬೆಕ್ಕಿಂದು ಬಿಡುಗಡಿ ಆತು, ನಿಮ್ಮದಾಗಿಲ್ಲ. ಬೆಕ್ಕು ಪಾಯಸ ಕೊಟ್ಟಿಲ್ಲ ಅಂದ ಮಾತ್ರಕ್ಕ ನೀವು ಏನೂ ತಿಂದಿಲ್ಲ ಅಂತ ಆಗೂದಿಲ್ಲ.

ಪ್ರಾಣೇಶ: ಇಂಚರಾ, ಮಷೀನ್ ತಗೊಂಡು ಬಾ!

ಸಕ್ಕರೆ ನೋಡುವ ಮಷೀನ್ ಬಂತು. ಅದನ್ನು ಹಿಡಿಯುವುದು ಮೊದಲಿನಿಂದಲೂ ಇಂಚರಾಳ ಕೆಲಸ. ಅಡುಗೆಮನೆಯ ದೀಪದ ಕೆಳಗೆ ಪ್ರಾಣೇಶರು ಬೆರಳು ಚಾಚಿದರು, ಸತ್ಯಕ್ಕೆ ಸಾಕ್ಷಿ ಹೇಳುವವರಂತೆ.

ಇಂಚರಾ: ಒನ್ ಥರ್ಟಿ ಟೂ. ಅಜ್ಜ ಸೂಪರ್!

ರಾಜಲಕ್ಷ್ಮಿ: ಮಷೀನ್ ಕೆಟ್ಟದ.

ಪ್ರಾಣೇಶ: ನಿನಗ ಬೇಕಾದ್ದು ಹೇಳಲಿಲ್ಲ, ಅದಕ್ಕ ಕೆಟ್ಟದ!

ರಾಜಲಕ್ಷ್ಮಿ: ನನ್ನದು ತಗಿ, ಇಂಚರಾ. ನನಗೇನೂ ಕಾಯಿಲೆ ಇಲ್ಲ. ನನ್ನದು ತಪ್ಪು ತೋರಿಸಿದ್ರ ಮಷೀನ್ ಕೆಟ್ಟದ ಅಂತ ಎಲ್ಲಾರಿಗೂ ತಿಳೀತದ.

ಇಂಚರಾ ಸೂಜಿ ಬದಲಿಸಿ ಅಜ್ಜಿಯ ಬೆರಳು ಚುಚ್ಚಿದಳು. ಮಷೀನು ಕುಂಯ್ ಎಂದಿತು. ಹುಡುಗಿ ಅದನ್ನು ನೋಡಿ ಅಜ್ಜನ ಮುಖ ನೋಡಿದಳು. ಕೈ ತೊಳೆಸಿ, ಬೇರೆ ಬೆರಳಿನಿಂದ ಇನ್ನೊಮ್ಮೆ ನೋಡಿದಳು.

ಇಂಚರಾ: ಅಜ್ಜಿ... ಟೂ ಎಯ್ಟಿ ಸಿಕ್ಸ್.

ಪ್ರಾಣೇಶ: ಎಷ್ಟು?

ರಾಜಲಕ್ಷ್ಮಿ: ಹೇಳಲಿಲ್ಲೇನು, ಕೆಟ್ಟದ ಅಂತ.

ಆದರೆ ಈ ಸಲ ಅವರ ದನಿಯಲ್ಲಿ ಬಲ ಇರಲಿಲ್ಲ. ಸ್ಟೂಲಿನ ಮೇಲೆ ಮೆಲ್ಲಗೆ ಕೂತರು. ಪ್ರಾಣೇಶರೂ ನಗಲಿಲ್ಲ. ಅವರಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಪ್ರಾಣೇಶ: ರಾಜೂ, ಖರೇ ಹೇಳು. ಏನು ತಿಂತೀ ನೀನು?

ರಾಜಲಕ್ಷ್ಮಿ: ನಾ ಏನು ತಿಂತೀನ್ರಿ? ಪೂಜಾ ಹಬ್ಬಕ್ಕ ಮಂದಿ ಸಂದೇಶ ಮಿಠಾಯಿ ಕೊಡ್ತಾರ. ಯಾರದೋ ಮಗ ಪಾಸಾದ್ರ ರಸಗುಲ್ಲಾ ಕೊಡ್ತಾರ. ನಿಮಗ ಕೊಡೋಹಂಗಿಲ್ಲ. ಮಗಾ ಸೊಸಿ ಡಯಟ್ ಅಂತಾರ. ಇಂಚರಾಗ ಹಲ್ಲು ಹುಳಾ. ಚೆಲ್ಲಲಿಕ್ಕೆ ಮನಸ್ಸು ಬರೂದಿಲ್ಲ. ಹಂಗಂತ...

ಪ್ರಾಣೇಶ: ಹಂಗಂತ ಆರು ವರ್ಷದಿಂದ ನನ್ನ ಪಾಲಿಂದೂ ನೀನ ತಿಂದೀ.

ರಾಜಲಕ್ಷ್ಮಿ: ನಿಮ್ಮ ಕಣ್ಣಿಗೆ ಬೀಳಬಾರದು ಅಂತ ತಿಂದೀನಿ. ನಿಮ್ಮ ಸಲುವಾಗಿನ.

ಪ್ರಾಣೇಶ: ಗೊತ್ತಾತು. ನಾಳೆ ಡಾಕ್ಟರ್ ಕಡೆ ಹೋಗೋಣು. ನಾ ಬರ್ತೀನಿ ಜೋಡಿ. ಹೆದರಬ್ಯಾಡ.

ಡಾಕ್ಟರರೂ ಮಷೀನಿನ ಮಾತನ್ನೇ ಹೇಳಿದರು. ಗುಳಿಗೆ ಬರೆದುಕೊಟ್ಟು, ಸಿಹಿ ಬಿಡಿಸಿ, ದಿನಾ ನಡೆಯಲು ಹೇಳಿದರು. ಸಂಜೆಯ ಅಡ್ಡಾಟಕ್ಕೆ ಇನ್ನು ಇಬ್ಬರಾದರು. ತಗಡಿನ ಮಾಡಿನ ಕಡೆ ಯಾರೂ ಹೋಗಕೂಡದೆಂದು ರಾಜಲಕ್ಷ್ಮಿ ಆಜ್ಞೆ ಹೊರಡಿಸಿದ್ದರಿಂದ ಬಾಣಂತಿಗೆ ಯಾವ ತೊಂದರೆಯೂ ಆಗಲಿಲ್ಲ.

ಮೂರನೆಯ ದಿನ ಮುಂಜಾನೆ ಮೇಜಿನ ಮೇಲೆ ಹಾಗಲಕಾಯಿ ರಸದ ಲೋಟ ಬಂತು. ಡಾಕ್ಟರು ಹೇಳಿದ್ದಲ್ಲ, ರಾಜಲಕ್ಷ್ಮಿ ಎಲ್ಲೋ ಕೇಳಿ ತಿಳಿದುಕೊಂಡು ಗಂಡನಿಗೆ ಆರು ವರ್ಷದಿಂದ ತಪ್ಪದೆ ಕೊಡುತ್ತಿದ್ದ ಪಥ್ಯ. ಅಂದು ಮಾತ್ರ ಲೋಟ ಎರಡು ಇದ್ದವು. ರಾಜಲಕ್ಷ್ಮಿ ಮೊದಲ ಗುಟುಕು ಕುಡಿದರು.

ರಾಜಲಕ್ಷ್ಮಿ: ಅಯ್ಯಯ್ಯಯ್ಯ! ಇದನ್ನ ಮನುಷ್ಯಾರು ಕುಡೀತಾರೇನ್ರಿ?

ಪ್ರಾಣೇಶ: ನಾ ದಿನಾ ಕುಡೀತೀನಿ.

ರಾಜಲಕ್ಷ್ಮಿ: ಇಷ್ಟು ಕಹಿ ಇರ್ತದ ಅಂತ ಒಂದು ದಿವಸಾನೂ ಹೇಳಲಿಲ್ಲ?

ಪ್ರಾಣೇಶ: ದಿನಾ ಹೇಳೀನಿ. ಸಣ್ಣ ಹುಡುಗರಂಗ ಮಾಡಬ್ಯಾಡ್ರಿ, ಕಣ್ಣು ಮುಚ್ಚಿ ಕುಡೀರಿ ಅಂದೀ.

ರಾಜಲಕ್ಷ್ಮಿ ಎದ್ದು ಹೋಗಿ ಒಂದು ಲಿಂಬೆಹಣ್ಣು ಕೊಯ್ದು ತಂದು ಎರಡೂ ಲೋಟಗಳಿಗೆ ಹಿಂಡಿದರು. ಚಿಟಿಕೆ ಉಪ್ಪು, ಒಂದಿಷ್ಟು ಜೀರಿಗೆ ಪುಡಿ ಹಾಕಿ ಕಲಕಿ ಗಂಡನ ಮುಂದೆ ಒಂದು ಲೋಟ ಸರಿಸಿದರು. ಪ್ರಾಣೇಶರು ಅಭ್ಯಾಸದಂತೆ ಕಣ್ಣು ಮುಚ್ಚಿ ಕುಡಿದು, ಅರ್ಧಕ್ಕೇ ಕಣ್ಣು ತೆರೆದರು.

ಪ್ರಾಣೇಶ: ಅಲ್ಲ... ಇದು ಕುಡಿಯೋಹಂಗ ಅದ! ಇದಕ್ಕ ಲಿಂಬಿ, ಜೀರಗಿ ಎಲ್ಲಾ ಹಾಕ್ಲಿಕ್ಕೆ ಬರ್ತದೇನು?

ರಾಜಲಕ್ಷ್ಮಿ: ಬರದೇ ಏನು? ಧಾರಾಳ ಬರ್ತದ.

ಪ್ರಾಣೇಶ: ಮತ್ತ ಇಷ್ಟು ವರ್ಷ ಯಾಕ ಹಾಕಲಿಲ್ಲ?

ರಾಜಲಕ್ಷ್ಮಿ: ಆವಾಗ ಕಾಯಿಲೆ ನಿಮಗೊಬ್ಬರಿಗ ಇತ್ತಲ್ರಿ.