ನಾಲ್ಕು ಕಡೆ ನೋಡಿ ತಂದ ನಾಯಿ

ಮನೆಗೆ ಬೇರೆ ಏನನ್ನು ತರುವುದೂ ಸುಲಭ. ಫ್ರಿಜ್ಜು ಬೇಕೆಂದರೆ ಅಂಗಡಿಗೆ ಹೋಗಿ, ಬಾಗಿಲು ನಾಲ್ಕು ಸಲ ತೆಗೆದು ಹಾಕಿ ನೋಡಿ ತರಬಹುದು. ಹಾಳಾದರೆ ಬೈಯಲಿಕ್ಕೆ ಅಂಗಡಿಯವನಿದ್ದಾನೆ. ನಾಯಿ ಹಾಗಲ್ಲ. ನಮ್ಮ ಕಡೆ ನಾಯಿ ತರುವುದೆಂದರೆ ಒಂದು ಮನೆಯಿಂದ ತರುವುದು. ಆಮೇಲೆ ಆ ಮನೆಯವರು ಬಸ್ಸಿನಲ್ಲಿ ಸಿಗಲಿ, ಮದುವೆಯ ಊಟದ ಪಂಕ್ತಿಯಲ್ಲಿ ಸಿಗಲಿ, ಉತ್ತರಕ್ರಿಯೆಯ ಮನೆಯಲ್ಲೇ ಸಿಗಲಿ, ನಮ್ಮ ಆರೋಗ್ಯ ವಿಚಾರಿಸುವ ಮೊದಲು ಕೇಳುವ ಪ್ರಶ್ನೆ "ನಮ್ಮ ನಾಯಿ ಹೇಗುಂಟು?" ಎಂದು. ಅದು ನಮ್ಮ ಅನ್ನ ತಿಂದು ನಮ್ಮ ಜಗಲಿಯಲ್ಲೇ ಮುದಿಯಾದರೂ ಕೊನೆಯವರೆಗೆ ಅವರ ನಾಯಿಯೇ. ಹಾಗಾಗಿ ಯಾವ ಮನೆಯಿಂದ ತರುವುದು ಎನ್ನುವುದು ಸಣ್ಣ ವಿಷಯವಲ್ಲ.

ನನಗೆ ಇದು ಇನ್ನೂ ಕಷ್ಟ. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಮೀಸೆ ಬಂದು ಎಷ್ಟೋ ಕಾಲದ ಮೇಲೆ, ಆಲಂಕಾರಿನಲ್ಲಿ ಪಂಪು ಮೋಟಾರು ರಿಪೇರಿಯ ಅಂಗಡಿ ಇಟ್ಟ ಮೇಲೆ. ತಡವಾಗಿ ಓದಿದವರಿಗೆ ಒಂದು ರೋಗ ಇರುತ್ತದೆ. ಸಣ್ಣ ವಯಸ್ಸಿನಲ್ಲಿ ಓದಿದವರು ಓದಿದ್ದನ್ನು ಮರೆತು ಹಾಯಾಗಿರುತ್ತಾರೆ, ನಾವು ಮಾತ್ರ ಎಲ್ಲವನ್ನೂ ಪರೀಕ್ಷೆಗೆ ತಯಾರಾದಂತೆ ತಯಾರಾಗುತ್ತೇವೆ. ಒಂದು ಪೊರಕೆ ತರುವುದಿದ್ದರೂ ಎರಡು ಅಂಗಡಿಯಲ್ಲಿ ವಿಚಾರಿಸದೆ ತಂದರೆ ನನಗೆ ನಿದ್ದೆ ಬರುವುದಿಲ್ಲ.

ನಮ್ಮ ಹಳೆಯ ನಾಯಿ ಟೈಗರ್ ವಯಸ್ಸಾಗಿ ಸತ್ತ ಮೇಲೆ ಮಂಗಗಳಿಗೆ ನಮ್ಮ ಮನೆ ತವರುಮನೆಯಾಯಿತು. ಮೊದಲು ಪಪ್ಪಾಯಿ, ಮತ್ತೆ ತೊಂಡೆ ಚಪ್ಪರ, ಕೊನೆಗೆ ಅಡುಗೆಮನೆಗೇ ಬಂದು ಅರೆದಿಟ್ಟ ದೋಸೆ ಹಿಟ್ಟಿಗೆ ಕೈ ಹಾಕಿದವು. ಹಗಲಿಡೀ ಮನೆಯಲ್ಲಿರುವವಳು ನನ್ನ ಹೆಂಡತಿ ಸುಮತಿ. ಅವಳು ಕೋಲು ಹಿಡಿದು ಹೊರಟರೆ ಮಂಗಗಳು ಹಂಚಿನ ಮಾಡಿನ ಮೇಲೆ ಕುಳಿತು, ಇವಳಿಗೆ ಬೇರೆ ಕೆಲಸ ಇಲ್ಲವಾ ಎಂಬಂತೆ ನೋಡುತ್ತಿದ್ದವು. ಒಂದು ಬೆಳಿಗ್ಗೆ ಚಾ ಕೊಡುತ್ತಾ ಅವಳು ಮೆಲ್ಲ ಹೇಳಿದಳು.

"ಅಣ್ಣನ ಮನೆಯಲ್ಲಿ ನಾಯಿ ಮರಿ ಹಾಕಿದೆಯಂತೆ. ನಿನ್ನೆ ಫೋನ್ ಮಾಡಿದ್ದ. 'ಭಾವನಿಗೆ ಬೇಕಾದ್ರೆ ಒಂದು ಇಡ್ತೇನೆ, ಕೇಳು' ಹೇಳಿದ."

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಸುಮತಿಯ ಅಣ್ಣ ಇರುವುದು ಪೆರಾಬೆಯಲ್ಲಿ. ನನಗೂ ಈ ಭಾವನಿಗೂ ಮಾತು ನಿಂತು ಆಗಲೇ ಬಹಳ ಸಮಯವಾಗಿತ್ತು. ಕಾರಣ ಅವರ ಪಂಪು. ನಾನು ಮೋಟಾರಿಗೆ ಹೊಸ ತಂತಿ ಸುತ್ತಿ ವೈಂಡಿಂಗ್ ಮಾಡಿ ಕೊಟ್ಟ ವಾರದಲ್ಲೇ ಅದು ಸುಟ್ಟುಹೋಯಿತು. ನಾನು ವೋಲ್ಟೇಜಿನ ತಪ್ಪು ಎಂದೆ, ಅವರು ವೈಂಡಿಂಗಿನ ತಪ್ಪು ಎಂದರು. ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಅವರು ಆ ಪಂಪನ್ನು ಜೀಪಿನಲ್ಲಿ ಹಾಕಿಕೊಂಡು ನನ್ನ ಅಂಗಡಿಯ ಎದುರಿನಿಂದಲೇ ಕಡಬದ ಇನ್ನೊಬ್ಬನ ಹತ್ತಿರ ತೆಗೆದುಕೊಂಡು ಹೋದರು. ಹಾರ್ನ್ ಬೇರೆ ಹಾಕಿದರು. ಅವರು ಹಾರ್ನ್ ಹಾಕಿದ್ದು ಅಡ್ಡ ಬಂದ ದನಕ್ಕೆ ಎಂದು ಸುಮತಿ ಈಗಲೂ ಹೇಳುತ್ತಾಳೆ. ಅಂದಿನಿಂದ ಅವಳು ತವರಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗಿ ಬರುವುದು, ಭಾವ ಈ ಕಡೆ ಬಾರದೆ ಇರುವುದು, ಎಲ್ಲ ರೂಢಿಯಾಯಿತು. ಅವಳು ದೂರಲಿಲ್ಲ. ಆದರೆ ಹಬ್ಬದ ದಿನ ಒಂದು ಎಲೆ ಹೆಚ್ಚೇ ತೊಳೆದಿಡುತ್ತಿದ್ದಳು.

"ನೋಡುವ," ಎಂದೆ. "ನಾಯಿ ಅಂದ್ರೆ ತಮಾಷೆಯಾ? ನಾಲ್ಕು ಕಡೆ ವಿಚಾರಿಸಿ ತರ್ಬೇಕು."

"ಅವನು ಇಷ್ಟು ಸಮಯ ಆದ ಮೇಲೆ ತಾನಾಗಿ ಕೇಳಿದ್ದು. ನೀವು ಬೇಡ ಅಂದ್ರೆ ಅದು ಬರೇ ಮರಿ ಬೇಡ ಅಂದ ಹಾಗೆ ಆಗುದಿಲ್ಲ. ಮತ್ತೆ ಅವನು ಕೇಳ್ಲಿಕ್ಕೂ ಇಲ್ಲ."

"ಬೇಡ ಅಂತ ಯಾರು ಹೇಳಿದ್ದು? ವಿಚಾರಿಸ್ತೇನೆ ಹೇಳಿದ್ದು."

ಅವಳು ವಾದಿಸಲಿಲ್ಲ. ಅವಳು ವಾದಿಸದಿದ್ದರೆ ನನಗೆ ಹೆದರಿಕೆ. ಆದರೂ ಸುಟ್ಟ ಪಂಪಿನ ಮನೆಯ ಅಂಗಳಕ್ಕೆ ಹೋಗಿ ಕೈಯೊಡ್ಡಿ ನಿಲ್ಲಲು ನನ್ನ ಕಾಲು ಏಳಲಿಲ್ಲ. ಹೋಗಲು ಮನಸ್ಸಿಲ್ಲದ ಕಡೆಗೆ ಹೋಗದಿರಲು ವಿಚಾರಣೆಯಷ್ಟು ಮರ್ಯಾದೆಯ ದಾರಿ ಬೇರೆ ಇಲ್ಲ.

ಮೊದಲು ಪುತ್ತೂರಿಗೆ ಹೋದೆ. ಅಲ್ಲಿ ನಾಯಿಮರಿ ಮಾರುವ ಒಂದು ಅಂಗಡಿಯುಂಟು. ಒಳಗೆ ಹೋದರೆ ತಂಪು. ಗಾಜಿನ ಆಚೆ ಬಿಳಿ ಬಣ್ಣದ, ಹತ್ತಿಯ ಉಂಡೆಯಂಥ ಒಂದು ಮರಿ ಮಲಗಿತ್ತು. ನೋಡಿದರೆ ಪ್ರೀತಿ ಬರಬೇಕು, ಹಾಗಿತ್ತು. ಅಂಗಡಿಯವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಕೇಳಲು ಶುರು ಮಾಡಿದರು.

"ಮನೆಯಲ್ಲಿ ಎಸಿ ಉಂಟಾ ಸಾರ್?"

"ಫ್ಯಾನ್ ಉಂಟು. ನಾನೇ ವೈಂಡಿಂಗ್ ಮಾಡಿದ್ದು."

"ಗಂಜಿ, ಸಾಂಬಾರು ಎಲ್ಲ ಹಾಕ್ಲಿಕ್ಕಿಲ್ಲ."

"ಮೀನಿನ ತಲೆ?"

ಅವರು ಕಣ್ಣು ಮುಚ್ಚಿಕೊಂಡರು. ನಾನು ಮರಿಯ ಮುಂದೆಯೇ ಕೆಟ್ಟ ಶಬ್ದ ಆಡಿದೆನೋ ಎಂಬ ಹಾಗಿತ್ತು ಅವರ ಮುಖ. ಅದಕ್ಕೆ ವಾರಕ್ಕೊಮ್ಮೆ ಶಾಂಪೂ, ದಿನಾ ಬ್ರಷ್, ಬಿಸಿಲಿಗೆ ಬಿಡಬಾರದು, ಮಳೆಗೆ ಬಿಡಬಾರದು. ಮಂಗ ಬಂದರೆ ಓಡಿಸುತ್ತದಾ ಎಂದು ಕೇಳಿದೆ. "ಇದು ತುಂಬಾ ಫ್ರೆಂಡ್ಲಿ ಸಾರ್" ಎಂದರು. ಅದು ಮಂಗಗಳ ಜೊತೆ ಸ್ನೇಹ ಮಾಡಿಕೊಂಡು ಎಲ್ಲವೂ ಸೇರಿ ದೋಸೆ ಹಿಟ್ಟು ತಿನ್ನುವ ಚಿತ್ರ ಕಣ್ಣ ಮುಂದೆ ಬಂತು. ಮನೆಗೆ ಬಂದು ಹೇಳಿದರೆ ಸುಮತಿ ಒಂದೇ ಮಾತು ಕೇಳಿದಳು: "ಗಂಜಿ ತಿನ್ನದ ನಾಯಿ ಮತ್ತೆಂತ ತಿಂತದಂತೆ?"

ಮತ್ತೆ ಜಾಲ್ಸೂರು. ಅಲ್ಲಿ ನನ್ನ ಹಳೆಯ ಗಿರಾಕಿ ಚಂದ್ರಣ್ಣ ಇದ್ದಾರೆ. ಅವರ ನಾಯಿ ಮಂಗ ಬಿಡಿ, ಹಂದಿಯನ್ನೂ ಗುಡ್ಡ ಹತ್ತಿಸುತ್ತದೆ ಎಂದು ಹೆಸರು. ಅಂಗಳಕ್ಕೆ ಕಾಲಿಡುವಾಗ ನಾಲ್ಕು ಮರಿಗಳು ಚಂದದಲ್ಲಿ ಆಡುತ್ತಿದ್ದವು. ನಾನು ಕುಕ್ಕರಗಾಲಲ್ಲಿ ಕುಳಿತು "ಬಲ, ಬಲ" ಎಂದೆ. ನಮ್ಮ ಮನೆಯಲ್ಲಿ ಮನುಷ್ಯರ ಜೊತೆ ಮಾತು ಕನ್ನಡ, ನಾಯಿಯ ಜೊತೆ ತುಳು. ಯಾಕೆಂದು ಕೇಳಬೇಡಿ, ಅಜ್ಜನ ಕಾಲದಿಂದ ಹಾಗೆಯೇ. ನಾಯಿಗೆ ಕನ್ನಡದಲ್ಲಿ "ಇಲ್ಲಿ ಬಾ" ಎನ್ನಲು ಹೊರಟರೆ ಶಾಲೆಯ ಪಾಠ ಓದಿದಂತಾಗುತ್ತದೆ. ಆದರೆ ಈ ಮರಿಗಳು ತಿರುಗಿಯೂ ನೋಡಲಿಲ್ಲ.

"ಅವುಗಳಿಗೆ ಅದು ಗೊತ್ತಾಗುದಿಲ್ಲ ಮಾರಾಯ್ರೆ," ಎಂದರು ಚಂದ್ರಣ್ಣ. "ನೋಡಿಕೊಳ್ಳುವವ ಕಾಸರಗೋಡಿನ ಕಡೆಯವ, ಮಲಯಾಳ ಮಾತಾಡುವವ. 'ಇವಿಡೆ ವಾ' ಹೇಳಿ ನೋಡಿ."

ಹೇಳಿದೆ. ನಾಲ್ಕೂ ಒಟ್ಟಿಗೆ ಓಡಿ ಬಂದು ನನ್ನ ಚಪ್ಪಲಿ ಕಚ್ಚಿದವು. ಇನ್ನು ಪರೀಕ್ಷೆ. ಅದಕ್ಕೆ ನೆರೆಮನೆಯವರೂ ಬಂದು ಸೇರಿದರು. ಕುತ್ತಿಗೆಯ ಚರ್ಮ ಹಿಡಿದು ಎತ್ತಿದಾಗ ಕೂಗದ ಮರಿ ಗಟ್ಟಿ ಎಂದು ಒಬ್ಬರು, ಕೂಗಿದ್ದೇ ಒಳ್ಳೆಯದು, ನಾಳೆ ಬೊಗಳಬೇಕಲ್ಲ ಎಂದು ಇನ್ನೊಬ್ಬರು. ಕಾಲಿನ ಉಗುರು ಎಣಿಸುವುದು ಬೇರೆ ಉಂಟು. ಇಪ್ಪತ್ತಿದ್ದರೆ ಮನೆಗೆ ಒಳ್ಳೆಯದು ಎಂದು ಚಂದ್ರಣ್ಣ, ಹದಿನೆಂಟೇ ಸರಿ ಎಂದು ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಒಳಗೆ ಬಂದು ಹೇಳಿದರು. ಮರಿ ಸುಮ್ಮನೆ ನಿಲ್ಲದ ಕಾರಣ ಎಣಿಸಿದವರಿಗೆಲ್ಲ ಬೇರೆ ಬೇರೆ ಲೆಕ್ಕ ಬಂತು. ಎಲ್ಲರೂ ಒಪ್ಪಿದ್ದು ಒಂದೇ ವಿಷಯ. "ಎಂತ ಬೇಕಾದ್ರೂ ಆಗ್ಲಿ, ಹೆಣ್ಣು ಮಾತ್ರ ಬೇಡ. ಮರಿ ಹಾಕಿದ್ರೆ ಯಾರಿಗೆ ಕೊಡುದು?" ನಾನೂ ದೊಡ್ಡದಾಗಿ ತಲೆಯಾಡಿಸಿದೆ.

ಮನೆಯಲ್ಲಿ ಸುಮತಿ ಎಲ್ಲ ಕೇಳಿ, "ಮಂಗ ಬಂದಾಗ ನಾಯಿಗೆ ಮಲಯಾಳದಲ್ಲಿ ಹೇಳ್ಲಿಕ್ಕೆ ನನಗೆ ಬರುದಿಲ್ಲ. ನೀವು ಅಂಗಡಿಯಿಂದ ಫೋನಲ್ಲಿ ಹೇಳ್ತೀರಾ?" ಎಂದಳು. ಮತ್ತೆ ಊಟಕ್ಕೆ ಬಡಿಸುತ್ತಾ, "ಅಣ್ಣ ಪುನಃ ಫೋನ್ ಮಾಡ್ಲಿಲ್ಲ" ಎಂದಳು. ಅಷ್ಟೇ ಹೇಳಿದ್ದು. ಆದರೆ ಆ ದಿನ ಸಾರಿಗೆ ಉಪ್ಪು ಹಾಕಲು ಮರೆತಿದ್ದಳು. ನಾನೂ ಉಪ್ಪಿಲ್ಲ ಎಂದು ಹೇಳಲು ಹೋಗದೆ ಊಟ ಮಾಡಿದೆ. ಊಟ ಮುಗಿಸಿ ಕೈ ತೊಳೆಯುವಾಗ, "ಆದಿತ್ಯವಾರ ಪೆರಾಬೆಗೆ ಹೋಗುವ" ಎಂದೆ. ಅವಳು ಪಾತ್ರೆ ತೊಳೆಯುವ ಸದ್ದು ಸ್ವಲ್ಪ ಜೋರಾಯಿತು.

ನಾಯಿಮರಿಯನ್ನು ಸುಮ್ಮನೆ ಈಸಿಕೊಂಡು ಬರಬಾರದು, ಬಂದರೂ ಅದು ಮನೆಯಲ್ಲಿ ನಿಲ್ಲುವುದಿಲ್ಲ ಎಂದು ನಮ್ಮಲ್ಲಿ ಒಂದು ಮಾತು. ಸುಮತಿ ಮನೆಯವರಿಗೆ ಬೆಲ್ಲ, ತಾಯಿ ನಾಯಿಗೆ ಒಣಮೀನು ಕಟ್ಟಿಕೊಂಡಳು. ನಾನು ಸ್ಕೂಟರಿಗೆ ಒಂದು ಬುಟ್ಟಿ ಕಟ್ಟಿದೆ. ಭಾವ ಜಗಲಿಯಲ್ಲಿ ಕುಳಿತಿದ್ದರು. ಬನ್ನಿ ಎನ್ನಲಿಲ್ಲ. ಆದರೆ ಕುರ್ಚಿಯ ಮೇಲಿದ್ದ ಪೇಪರನ್ನು ತೆಗೆದರು. ನಾನು ಕುಳಿತೆ. ವಿಚಾರಣೆ ಸುಮತಿಯ ಮುಖಾಂತರ ಶುರುವಾಯಿತು.

"ಹಗಲು ಮನೆಯಲ್ಲಿ ಯಾರು ಇರುದಂತೆ, ಕೇಳು."

"ಅಣ್ಣ, ನಾನೇ ಅಲ್ವಾ ಇರುದು!"

"ಇಡೀ ದಿನ ಕಟ್ಟಿ ಹಾಕ್ತಾರಂತಾ?"

"ಇಲ್ಲ ಅಂತ ಹೇಳು," ಎಂದೆ ನಾನು, ಸುಮತಿಗೆ.

"ಎಷ್ಟು ಕಡೆ ನೋಡಿ ಆಯ್ತಂತೆ?"

ಸುಮತಿ ಇಬ್ಬರ ಮುಖವನ್ನೂ ನೋಡಿ, "ನೀವು ನೀವೇ ಮಾತಾಡಿಕೊಳ್ಳಿ. ನಾನು ಅತ್ತಿಗೆಯನ್ನು ಮಾತಾಡಿಸಿ ಬರ್ತೇನೆ" ಎಂದು ಒಳಗೆ ಹೋಗಿಬಿಟ್ಟಳು. ನಡುವಿನ ತಂತಿ ಕಡಿದ ಹಾಗಾಯಿತು. ನಾವಿಬ್ಬರೂ ಅಂಗಳ ನೋಡುತ್ತಾ ಕುಳಿತೆವು. ಕೊನೆಗೆ ಭಾವ ಅಂಗಳಕ್ಕೇ ಹೇಳುವಂತೆ ಹೇಳಿದರು.

"ಪುತ್ತೂರಿನದ್ದು ಎಂತ ಆಯ್ತು? ಎಸಿ ಇಲ್ಲ ಅಂತ ಹೆಣ್ಣು ಕೊಡ್ಲಿಲ್ವಾ?"

ಇಂಥ ಸುದ್ದಿ ಪೆರಾಬೆಗೆ ಹೇಗೆ ಹೋಗುತ್ತದೆ ಎಂದು ಕೇಳುವುದು ವ್ಯರ್ಥ. "ಅದಲ್ಲ ಭಾವ," ಎಂದುಬಿಟ್ಟೆ, "ಅದಕ್ಕೆ ಗಂಜಿ ಹಾಕ್ಲಿಕ್ಕಿಲ್ಲವಂತೆ."

ಭಾವ ಈಗ ನನ್ನ ಕಡೆ ತಿರುಗಿದರು. "ಗಂಜಿ ಹಾಕ್ಲಿಕ್ಕಿಲ್ವಾ? ಮತ್ತೆ ಎಂತ ಹಾಕುದು?"

"ಡಬ್ಬಿಯದ್ದು. ಮತ್ತೆ ದಿನಾ ತಲೆ ಬಾಚ್ಬೇಕಂತೆ."

"ಎಂತ ನಾಯಿ ಮಾರಾಯ್ರೆ ಅದು! ಮದುಮಗಳಾ?" ಅವರು ನಕ್ಕರು. ನಾನೂ ನಕ್ಕೆ. ಮಲಯಾಳದ ಮರಿಗಳ ಕಥೆಯನ್ನೂ ಹೇಳಿದೆ. ಪಂಪಿನ ಸುದ್ದಿ ಇಬ್ಬರೂ ಎತ್ತಲಿಲ್ಲ. ಆ ಪಂಪು ಅಲ್ಲೇ ತೋಟದ ಮೂಲೆಯಲ್ಲಿ ಓಡುತ್ತಿತ್ತು. ಸದ್ದು ಸ್ವಲ್ಪ ಒರಟಾಗಿದೆ ಎಂದು ನನ್ನ ಕಿವಿಗೆ ಅನಿಸಿದರೂ ಬಾಯಿಗೆ ಬರದಂತೆ ನೋಡಿಕೊಂಡೆ.

ಆಮೇಲೆ ಭಾವ ಒಂದು ಮರಿಯನ್ನು ಎತ್ತಿಕೊಂಡು ಬಂದರು. ಕಂದು ಬಣ್ಣ, ಒಂದು ಕಿವಿ ಮೇಲೆ, ಒಂದು ಕೆಳಗೆ. ಹೆಣ್ಣು.

"ಗಂಡು ಎಲ್ಲ ಹೋಯ್ತು," ಎಂದರು. "ನೀವು ಜಾಲ್ಸೂರಿನಲ್ಲಿ ಉಗುರು ಎಣಿಸುವಾಗ ಕೊನೆಯದ್ದನ್ನು ಕೊಂಡೋದ್ರು. ಬೇಡದಿದ್ರೆ ಬೇಡ ಹೇಳಿ. ಹೆಣ್ಣು ಅಂತ ಪೇಟೆಯಲ್ಲಿ ಬಿಟ್ಟು ಬರುವ ಜನ ನಾನಲ್ಲ. ಇಲ್ಲೇ ಇರ್ಲಿ."

ಬಾಗಿಲಲ್ಲಿ ಸುಮತಿ, ಅವಳ ಹಿಂದೆ ಅತ್ತಿಗೆ. ಇಬ್ಬರೂ ಮರಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ನಾನು ಅಭ್ಯಾಸಬಲದಿಂದ ಮರಿಯ ಕಾಲು ಹಿಡಿದೆ.

"ಎಣಿಸಿ, ಎಣಿಸಿ," ಎಂದರು ಭಾವ. "ಹೆಚ್ಚಿದ್ರೆ ಕತ್ತರಿಸಿ ಕೊಡ್ತೇನೆ."

ಎಣಿಸಲಿಲ್ಲ. "ಇದೇ ಆಗ್ಬಹುದು ಭಾವ" ಎಂದೆ. ಸುಮತಿ ಬಂದು ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಬುಟ್ಟಿ ದಾರಿಯುದ್ದಕ್ಕೂ ಖಾಲಿಯೇ ಬಂತು.

ಅದಕ್ಕೆ ಚಿನ್ನಿ ಎಂದು ಹೆಸರಿಟ್ಟೆವು. ಮಂಗಗಳು ಈಗ ಪಕ್ಕದ ಮನೆಗೆ ಹೋಗುತ್ತವೆ, ಅವರು ನಮ್ಮ ಜೊತೆ ಅಷ್ಟಕ್ಕಷ್ಟೇ ಮಾತಾಡುತ್ತಾರೆ. ಭಾವ ಆದಿತ್ಯವಾರ ಬರುತ್ತಾರೆ, "ನಮ್ಮ ನಾಯಿ" ನೋಡಿ ಹೋಗಲು. ನಾಯಿಗೆ ಮಜ್ಜಿಗೆ ಹಾಕುವಷ್ಟರಲ್ಲಿ ಅವರಿಗೂ ಊಟ ಬಡಿಸಿ ಆಗಿರುತ್ತದೆ.

ಈ ವರ್ಷ ಚಿನ್ನಿ ಮರಿ ಹಾಕಿದಳು. ಈಗ ಕೊಡುವ ಮನೆಯವರು ನಾವಾದೆವು. ಮರಿಗಳು ಓಡಾಡಲು ಶುರು ಮಾಡಿದ ಮೇಲೆ ಒಬ್ಬ ತರುಣ ಬೈಕಿನಲ್ಲಿ ಬಂದ. ಭಾವನೂ ಇದ್ದರು. ಹಗಲು ಮನೆಯಲ್ಲಿ ಯಾರಿರುತ್ತಾರೆ, ಕಟ್ಟಿ ಹಾಕುತ್ತೀರಾ, ಹೆಣ್ಣಾದರೆ ಆಗುತ್ತದಾ ಎಂದು ಇಬ್ಬರೂ ಸರದಿಯಲ್ಲಿ ಕೇಳಿದೆವು. ಅವನು ಎಲ್ಲಕ್ಕೂ ಚಂದದಲ್ಲಿ ಉತ್ತರ ಹೇಳಿ, ಮರಿಗಳನ್ನು ಎತ್ತಿ ಇಳಿಸಿ, "ಇನ್ನೂ ಎರಡು ಕಡೆ ನೋಡ್ಲಿಕ್ಕುಂಟು. ನೋಡಿ ಹೇಳ್ತೇನೆ" ಎಂದು ಹೊರಟುಹೋದ.

ನನಗೆ ಮೈ ಉರಿಯಿತು. "ನೋಡಿದ್ರಾ ಭಾವ ಇವನ ಅಹಂಕಾರ! ನಮ್ಮ ಮರಿಗೆ ಎಂತ ಕೊರತೆ? ಹೀಗೆ ನಾಲ್ಕು ಕಡೆ ನೋಡಿಕೊಂಡು ತಿರುಗುವವರಿಗೆಲ್ಲ ಕೊಡ್ಲೇಬಾರ್ದು."

ಭಾವ ಕೆಮ್ಮಿದರು. ಒಳಗಿನಿಂದ ಸುಮತಿಯ ಸ್ವರ ಬಂತು:

"ಹೌದಣ್ಣ. ಅಂಥವರಿಗೆ ಹೆಣ್ಣೂ ಕೊಡ್ಬಾರ್ದಿತ್ತು."

ಭಾವ ಎದ್ದು ಬಂದು ನನ್ನ ಹತ್ತಿರ ಕುಳಿತರು. "ಹೋಗ್ಲಿ ಬಿಡು ಸುಮತಿ," ಎಂದರು ಒಳಗಿನ ಕಡೆಗೆ. "ನಿನ್ನನ್ನು ಕೊಡುವಾಗ ನಾವು ಸರಿಯಾಗಿ ವಿಚಾರಿಸ್ಲಿಲ್ಲ."