ಬೀಸುವ ಪದಕ್ಕೆ ಪಟ್ಟಾ

ನಮ್ಮಣ್ಣನನ್ನು ಹುಚ್ಚ ಎಂದವರಿಗೆಲ್ಲ ನಾನು ಹೇಳುವುದು ಒಂದೇ: ಹುಚ್ಚನಾಗಿದ್ದರೆ ಎಷ್ಟೋ ವಾಸಿಯಿತ್ತು. ಅವನು ನ್ಯಾಯವಂತ. ಅಂಥವನ ಜೊತೆ ಒಂದೇ ಸೂರಿನಡಿ ಬಾಳಿದ್ದೀರಾ? ಗಂಡ ಸತ್ತು ತವರಿಗೆ ಬಂದ ನಾನು ಬಾಳಿದ್ದೇನೆ.

ಆಗ ನಮ್ಮ ಸೀಮೆ ಮದರಾಸಿಗೆ ಸೇರಿತ್ತು. ಕಣೇಕಲ್ಲಿನ ಹತ್ತಿರ ನಮ್ಮೂರು. ಅಣ್ಣ ಬಯಲಾಟಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದ. ಒಬ್ಬರ ಪದವನ್ನು ಇನ್ನೊಬ್ಬರು ಹಾಡಬೇಕಾದರೆ ಅವರ ಮುಂದೆ ಎಲೆ ಅಡಿಕೆ ಇಡುವುದು ನಮ್ಮಲ್ಲಿ ಪದ್ಧತಿ. ಅವರು ಬಾಯಿಗೆ ಹಾಕಿಕೊಂಡರೆ ಅಪ್ಪಣೆ ಸಿಕ್ಕಂತೆ. ಬೇರೆಯವರು ಮೇಳದ ಮಾಸ್ತರ ಮುಂದೆ ಇಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ನಮ್ಮಣ್ಣ ಭಿಕ್ಷೆಗೆ ಬಂದ ದಾಸಯ್ಯನ ಒಂದು ಪದಕ್ಕಾಗಿ ಅವನ ಹಿಂದೆ ಎರಡು ಊರು ನಡೆದು ಎಲೆ ಅಡಿಕೆ ಕೊಟ್ಟು ಬಂದ! ಕೋಗಿಲೆಗೆ ಹಲ್ಲಿದ್ದಿದ್ದರೆ ಅದನ್ನೂ ಬಿಡುತ್ತಿರಲಿಲ್ಲ.

ಆ ವರ್ಷ ಅವ್ವನಿಗೆ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಬೀಸುವಾಗ ಅವಳು ಹಾಡುತ್ತಿದ್ದ ಒಂದು ಪದವನ್ನು ಆಟದಲ್ಲಿ ನುಡಿಸಿ, ಅವಳು ಕಣ್ಣು ಮುಚ್ಚುವ ಮೊದಲು ಕೇಳಿಸಬೇಕೆಂದು ಅಣ್ಣನ ಆಸೆ. ಅವಳ ಮುಂದೆ ಇಡಲು ಎಲೆ ಅಡಿಕೆ ತರಲು ರಾಯದುರ್ಗಕ್ಕೆ ಹೋದವನು ಬರಿಗೈಯಲ್ಲಿ ಬಂದ. ಅಲ್ಲಿನ ಒಂದು ಅಂಗಡಿಯ ಗ್ರಾಮಫೋನಿನಲ್ಲಿ ಅದೇ ಧಾಟಿ ಕೇಳಿತಂತೆ! ಪ್ಲೇಟಿನ ಚೀಲದ ಮೇಲೆ ‘ಹಕ್ಕು ನಮ್ಮದು’ ಎಂದು ಅಚ್ಚು ಹಾಕಿದ್ದರಂತೆ.

“ಅವ್ವನ ಪದ ಅಲ್ಲೇನು? ಅಕಿನ್ನ ಕೇಳು” ಎಂದೆ.

“ಅಕಿ ಕಟ್ಟಿದ್ದೋ, ಎಲ್ಲೋ ಕೇಳಿದ್ದೋ? ಗಂಜಿ ಬೇಕಾ ಅಂದ್ರೂ ತಲಿ ಆಡಸ್ತಾಳ, ಬ್ಯಾಡಾ ಅಂದ್ರೂ ಆಡಸ್ತಾಳ.”

ಹೊಲಕ್ಕಿದ್ದಂತೆ ಪದಕ್ಕೂ ಪಟ್ಟಾ ಇರಬೇಕೆಂದು ಊರಿನ ಹೊಲಗಳ ಲೆಕ್ಕ ಬರೆಯುವ ಕರಣಂ ಹತ್ತಿರ ಹೋದ. ಕರಣಂ ಕನ್ನಡಕ ಏರಿಸಿಕೊಂಡು ನಾಲ್ಕು ದಿಕ್ಕಿನ ಚೆಕ್ಕುಬಂದಿ ಹೇಳು ಎಂದರಂತೆ. ಇವನು ಕೈಕಟ್ಟಿ ನಿಂತು, “ಮೂಡಲಕ ಬೀಸೋಕಲ್ಲು, ಪಡುವಲಕ ನಮ್ಮವ್ವ ರೀ” ಎಂದನಂತೆ. ಊರೆಲ್ಲ ಒಂದು ತಿಂಗಳು ನಕ್ಕಿತು.

ಕೊನೆಗೆ ರಾಯದುರ್ಗದ ವಕೀಲರ ಜಗಲಿಯಲ್ಲಿ ಎರಡು ದಿನ ಕೂತ. ಅವರು ಬಿಡಿಸಿ ಹೇಳಿದರಂತೆ: “ಪ್ಲೇಟಿನವರದು ಆ ಪ್ಲೇಟಷ್ಟ. ಕಟ್ಟಿದವರು ಯಾರಂತ ಗೊತ್ತಿಲ್ಲದ ಹಳೇ ಪದ ಆದ್ರ ಯಾರದೂ ಅಲ್ಲ. ನಿಮ್ಮವ್ವ ಕಟ್ಟಿದ್ದಾದ್ರ ಅಕಿದು, ಅಕಿ ಹಿಂದ ಮಕ್ಕಳದು. ಹೆಂಗಾದ್ರೂ ನೀ ನುಡಿಸಬಹುದು, ಹೋಗು.”

ಬುದ್ಧಿ ಇದ್ದವನು ಮನೆಗೆ ಬರುತ್ತಿದ್ದ. ಇವನಿಗೆ ಎರಡರಲ್ಲಿ ಯಾವುದೆಂದು ಗೊತ್ತಾಗಬೇಕಲ್ಲ! ಅವ್ವನ ತವರು ಮಡಕಶಿರಾದ ಕಡೆ. ಬಸ್ಸು ಹತ್ತಿಯೇ ಬಿಟ್ಟ. ಅಲ್ಲಿ ಹಲ್ಲಿಲ್ಲದ ಮುದುಕಿಯರ ಮುಂದೆಲ್ಲ ಕೂತು ಹಾಡಿ ತೋರಿಸಿದನಂತೆ. ಕೊನೆಗೆ ಅವ್ವನ ಅಕ್ಕನೇ ಹೇಳಿದಳು: “ಈ ಪದ ನಮ್ಮಟ್ಟಿದಲ್ಲ ಕಣಪ್ಪ. ಮೊದಲ್ನೇ ಮಗೀನ ಮಣ್ಣು ಮಾಡಿ ಇಲ್ಲಿಗೆ ಬಂದಿದ್ಲಲ್ಲ, ಆಗ ನಿಮ್ಮವ್ವನೇ ಕಟ್ಕಂಡು ಬೀಸಾವಾಗ ಹಾಡ್ಕತಿದ್ಲು.”

ಕುಣಿದುಕೊಂಡು ಎಲೆ ಅಡಿಕೆ ಕೊಂಡು ಊರಿಗೆ ಬಂದ. ಅಷ್ಟು ಹೊತ್ತಿಗೆ ನಾವು ಅವ್ವನನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು.

ಅವನು ಅಳಲಿಲ್ಲ. ನನ್ನ ಮುಂದೆ ಕೂತು ಎಲೆ ಅಡಿಕೆ ಇಟ್ಟ.

“ಈಗ ಅರ್ಧ ನಂದು, ಅರ್ಧ ನಿಂದು. ನಿನ್ನ ಅರ್ಧಕ್ಕ ಅಪ್ಪಣಿ ಕೊಡು, ತಂಗಿ.”

“ಕೊಡಂಗಿಲ್ಲ” ಎಂದೆ. “ಕೇಳೋ ಕಿವಿ ಇದ್ದಾಗ ಎಲ್ಲಿ ಹೋಗಿದ್ದಿ?”

ಎಲೆ ಅಡಿಕೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಎದ್ದು ಹೋದ. ಆಮೇಲೆ ಆ ಪ್ಲೇಟು ಊರೂರಿಗೂ ಬಂತು. ಬೀಡಿ ಕಟ್ಟುವವರೂ ಕುರಿ ಕಾಯುವವರೂ ಅವ್ವನ ಧಾಟಿಯನ್ನು ಸಿಳ್ಳೆ ಹಾಕಿದರು. ಅವನೊಬ್ಬ ನುಡಿಸಲಿಲ್ಲ. ನಾನೂ ಹಟ ಬಿಡಲಿಲ್ಲ. ಹತ್ತೊಂಬತ್ತು ವರ್ಷ.

ಹೋದ ತಿಂಗಳು ಅಣ್ಣನೂ ಹೋದ. ಹಾರ್ಮೋನಿಯಂ ಪೆಟ್ಟಿಗೆ ತೆಗೆದರೆ ಒಂದು ಬಟ್ಟೆಯ ಗಂಟು. ಎಲೆ ಪುಡಿಯಾಗಿತ್ತು. ಅಡಿಕೆ ಹಾಗೇ ಇತ್ತು. ಬಾಯಿಗೆ ಹಾಕಿಕೊಂಡೆ. ಕಡಿಯಲು ನನಗೀಗ ಹಲ್ಲಿಲ್ಲ. ಕತ್ತಲಾಗುವವರೆಗೂ ದವಡೆಯಲ್ಲೇ ಇಟ್ಟುಕೊಂಡು ಕೂತಿದ್ದೆ.

ನುಡಿಸೋ ಅಣ್ಣಾ.